ಸಾಲದ ವರದಿಯಲ್ಲಿ ಬಾಕಿದಾರನ ಹೆಸರೂ ಇರಲಿ

ಹೊಸ ಕಂಪನಿ ಕಟ್ಟಿದವರಿಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: ಸಿಬಿಲ್ ಚೆನ್ನಾಗಿಟ್ಟುಕೊಳ್ಳಿ. ಕಂಪನಿಯ ಹೆಸರಿನಲ್ಲಿ ಪ್ರತ್ಯೇಕ ಚಾಲ್ತಿ ಖಾತೆ ತೆರೆಯಿರಿ, ಉದ್ಯಮ್ ನೋಂದಣಿ ಮಾಡಿಸಿ, ಜಿಎಸ್‌ಟಿ ರಿಟರ್ನ್ ತಪ್ಪಿಸಬೇಡಿ, ಸಣ್ಣ ಸಾಲ ಪಡೆದು ಕಂತು ತಪ್ಪದೆ ಕಟ್ಟಿ. ಈ ಮಾತುಗಳಲ್ಲಿ ತಪ್ಪಿಲ್ಲ. ಆದರೆ ಹೊಸ ಉದ್ಯಮವೊಂದು ಸಾಲಕ್ಕೆ ಯೋಗ್ಯ ಎನಿಸಿಕೊಳ್ಳುವುದು ಮಾಲೀಕನ ಶಿಸ್ತೊಂದರಿಂದಲೇ ಅಲ್ಲ. ಅವನಿಂದ ಮಾಲು ಪಡೆದವರು ಹಣವನ್ನು ಯಾವಾಗ ಕೊಡುತ್ತಾರೆ ಎಂಬುದರ ಮೇಲೂ ಅದು ನಿಂತಿದೆ. ನಮ್ಮ ವ್ಯವಸ್ಥೆ ಮೊದಲನೆಯದನ್ನು ದಿನ ಎಣಿಸಿ ಬರೆದಿಡುತ್ತದೆ, ಎರಡನೆಯದನ್ನು ಕಂಡೂ ಕಾಣದಂತೆ ಬಿಡುತ್ತದೆ. ಮಾಲು ಕೊಂಡು ಹಣ ಉಳಿಸಿಕೊಂಡ ಕಂಪನಿಗಳ ಬಾಕಿಯೂ ಸಾಲದ ವರದಿಯಲ್ಲಿ ದಾಖಲಾಗಬೇಕು.

ಈಗಿನ ಏರ್ಪಾಡು 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಮೇಲೆ ನಿಂತಿದೆ. ಸಿಬಿಲ್ ಸೇರಿದಂತೆ ನಾಲ್ಕು ಸಂಸ್ಥೆಗಳು ಮುಖ್ಯವಾಗಿ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಂದ ಮಾಹಿತಿ ಪಡೆದು ವರದಿ ಸಿದ್ಧಪಡಿಸುತ್ತವೆ. ಸಣ್ಣ ಉದ್ಯಮಗಳಿಗೆ ಸಿಬಿಲ್ 1ರಿಂದ 10ರವರೆಗೆ ಶ್ರೇಣಿ ಕೊಡುತ್ತದೆ. 1 ಎಂದರೆ ಅಪಾಯ ಅತಿ ಕಡಿಮೆ. ಸಾಲವನ್ನೇ ಪಡೆಯದ ಹೊಸ ಕಂಪನಿಗೆ ಇದರಲ್ಲಿ ಜಾಗವಿಲ್ಲ. ಹಾಗಾಗಿ ಬ್ಯಾಂಕು ನಿರ್ದೇಶಕರ ಸ್ವಂತ ಸ್ಕೋರ್ ನೋಡುತ್ತದೆ, ಜಾಮೀನು ಕೇಳುತ್ತದೆ. ಆಸ್ತಿ ಇಲ್ಲದವರಿಗಾಗಿಯೇ 2000ದಲ್ಲಿ ಸಾಲ ಖಾತರಿ ನಿಧಿ ಬಂತು, 2015ರಲ್ಲಿ ಮುದ್ರಾ ಯೋಜನೆ ಬಂತು. ಅಂತೂ ಮೊದಲ ಸಾಲದ ಬಾಗಿಲು ತಕ್ಕಮಟ್ಟಿಗೆ ತೆರೆದಿದೆ. ಕಷ್ಟ ಶುರುವಾಗುವುದು ಆ ಸಾಲ ಕೈಸೇರಿದ ಮೇಲೆ.

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ನಾಲ್ಕು ಲೇತ್ ಇಟ್ಟುಕೊಂಡ ಘಟಕವೊಂದರ ಲೆಕ್ಕ ನೋಡಿ. ದೊಡ್ಡ ಕಾರ್ಖಾನೆಗೆ 10 ಲಕ್ಷ ರೂಪಾಯಿಯ ಬಿಡಿಭಾಗ ಕಳಿಸಿದರೆ ಶೇ 18ರ ಜಿಎಸ್‌ಟಿ ಸೇರಿ ಬಿಲ್ 11.80 ಲಕ್ಷವಾಗುತ್ತದೆ. ಉಕ್ಕು ಮಾರುವವನು ಹೊಸಬರಿಗೆ ಉದ್ರಿ ಕೊಡುವುದು ಅಪರೂಪ. ಸಂಬಳ ತಿಂಗಳ ಮೊದಲ ವಾರವೇ ಆಗಬೇಕು. ಕೊಂಡವನು ಹಣ ಕೊಟ್ಟಿರಲಿ ಬಿಡಲಿ, ಖರೀದಿಯ ಮೇಲಿನ ತೆರಿಗೆ ಕಳೆದು ಉಳಿದ ಜಿಎಸ್‌ಟಿಯನ್ನು ವಾಯಿದೆಯೊಳಗೆ ಕಟ್ಟಲೇಬೇಕು. ಅತ್ತ ಕಾರ್ಖಾನೆಯ ಅಕೌಂಟ್ಸ್ ವಿಭಾಗ ‘ಮುಂದಿನ ತಿಂಗಳು ನೋಡೋಣ’ ಎನ್ನುತ್ತಲೇ ಮೂರು ತಿಂಗಳು ತಳ್ಳುತ್ತದೆ. ಇತ್ತ ಘಟಕದ ಕಂತು ತಪ್ಪಿದ ದಿನದಿಂದಲೇ ಬ್ಯಾಂಕಿನ ಎಣಿಕೆ ಶುರು. 30 ದಿನ, 60 ದಿನ ದಾಟಿದಂತೆ ಎಚ್ಚರಿಕೆಯ ದರ್ಜೆ ಏರುತ್ತದೆ. 90 ದಿನ ಮೀರಿದರೆ ಖಾತೆ ಎನ್‌ಪಿಎ. 2025ರ ಜನವರಿಯಿಂದಂತೂ ಈ ಮಾಹಿತಿ ಹದಿನೈದು ದಿನಕ್ಕೊಮ್ಮೆಯಾದರೂ ಸಾಲ ಮಾಹಿತಿ ಸಂಸ್ಥೆಗಳಿಗೆ ರವಾನೆಯಾಗುತ್ತಿದೆ. ಅದೇ 90 ದಿನ ಹಣ ತಡೆಹಿಡಿದ ಕಾರ್ಖಾನೆಯ ವರದಿಯಲ್ಲಿ ಒಂದು ಗೆರೆಯೂ ಬೀಳುವುದಿಲ್ಲ. ಬಡ್ಡಿಗೆ ಸಾಲ ತಂದ ಸಣ್ಣವನು ದೊಡ್ಡವನಿಗೆ ಬಡ್ಡಿಯಿಲ್ಲದೆ ಸಾಲ ಕೊಟ್ಟಂತಾಯಿತು, ಸುಸ್ತಿದಾರನೆಂಬ ಹೆಸರೂ ಅವನ ತಲೆಗೇ ಬಂತು.

ಇದನ್ನು ತಡೆಯಲು ಕಾನೂನು ಇಲ್ಲದೇ ಇಲ್ಲ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಕಿರು ಮತ್ತು ಸಣ್ಣ ಘಟಕಗಳ ಬಿಲ್ ಹೆಚ್ಚೆಂದರೆ 45 ದಿನದೊಳಗೆ ಪಾವತಿಯಾಗಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಆಲಿಸಲು ರಾಜ್ಯಗಳಲ್ಲಿ ಸೌಲಭ್ಯ ಮಂಡಳಿಗಳಿವೆ, 2017ರಿಂದ ಸಮಾಧಾನ್ ಜಾಲತಾಣವೂ ಇದೆ. ಆದರೆ ಈ ದಾರಿಗಳೆಲ್ಲ ಸಣ್ಣವನು ತಾನೇ ದೂರು ಕೊಡಲಿ ಎಂದು ಕಾಯುತ್ತವೆ. ಇರುವ ಒಬ್ಬಿಬ್ಬರು ಗಿರಾಕಿಗಳ ಮೇಲೆ ದೂರು ಕೊಟ್ಟು ಮುಂದಿನ ಆರ್ಡರ್ ಕಳೆದುಕೊಳ್ಳಲು ಯಾವ ಹೊಸ ಉದ್ಯಮಿ ಮುಂದಾದಾನು? ಆದ್ದರಿಂದ ಬಾಕಿಯ ದಾಖಲೆ ದೂರಿನಿಂದಲ್ಲ, ತಾನಾಗಿಯೇ ಹುಟ್ಟಬೇಕು.

ಅದಕ್ಕೆ ಬೇಕಾದ ಮಾಹಿತಿ ಈಗಾಗಲೇ ಸರ್ಕಾರದ ಬಳಿ ಇದೆ. ಕಿರು, ಸಣ್ಣ ಘಟಕಗಳಿಗೆ 45 ದಿನ ಮೀರಿ ಬಾಕಿ ಉಳಿಸಿಕೊಂಡ ಕಂಪನಿಗಳು ಮೊತ್ತ ಎಷ್ಟು, ತಡವೇಕೆ ಎಂದು ಆರು ತಿಂಗಳಿಗೊಮ್ಮೆ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ತಿಳಿಸಬೇಕೆಂಬ ನಿಯಮ 2019ರಲ್ಲೇ ಬಂದಿದೆ. 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿನವರು ಇತರ ವ್ಯಾಪಾರಿಗಳಿಗೆ ಕೊಡುವ ಬಿಲ್ಲುಗಳು 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಆಗಿ ದಾಖಲಾಗುತ್ತಿವೆ. ಬಿಲ್ಲಿನ ಮೇಲೆ ಹಣ ಒದಗಿಸುವ ಟ್ರೆಡ್ಸ್ ವೇದಿಕೆಗೆ 250 ಕೋಟಿ ರೂಪಾಯಿ ವಹಿವಾಟು ಮೀರಿದ ಕಂಪನಿಗಳು ಸೇರಲೇಬೇಕು ಎಂದೂ ಆಗಿದೆ. ಈ ಮೂರನ್ನು ಸಾಲ ಮಾಹಿತಿ ಸಂಸ್ಥೆಗಳಿಗೆ ಜೋಡಿಸುವ ಕೆಲಸ ಬಾಕಿ ಇದೆ. ಅಮೆರಿಕದಲ್ಲಿ ಡನ್ ಅಂಡ್ ಬ್ರಾಡ್‌ಸ್ಟ್ರೀಟ್ ಸಂಸ್ಥೆ ಕೊಡುವ ಪೇಡೆಕ್ಸ್ ಅಂಕ, ಕಂಪನಿಯೊಂದು ಸರಬರಾಜುದಾರರಿಗೆ ಹೇಗೆ ಹಣ ಕೊಡುತ್ತದೆ ಎಂಬುದನ್ನೇ ಅಳೆಯುತ್ತದೆ. ನೂರಕ್ಕೆ 80 ಬಂದರೆ ವಾಯಿದೆಗೆ ಸರಿಯಾಗಿ ಕೊಡುವವರು ಎಂದರ್ಥ. ಬ್ಯಾಂಕ್ ಸಾಲವೇ ಇಲ್ಲದ ಹೊಸ ಕಂಪನಿಯೂ ಅಲ್ಲಿ ಹೀಗೆ ಹೆಸರು ಸಂಪಾದಿಸಬಹುದು. ದಿನದ ವಹಿವಾಟಿನಿಂದ ಜನರನ್ನು ಅರಿಯುವುದು ನಮಗೂ ಹೊಸದಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ, ಮನೆ ಮನೆಯಿಂದ ಚಿಲ್ಲರೆ ಹಣ ಸಂಗ್ರಹಿಸುತ್ತಲೇ ಸಣ್ಣ ವ್ಯಾಪಾರಿಗಳನ್ನು ಬ್ಯಾಂಕಿಗೆ ಹತ್ತಿರ ತಂದಿತ್ತು.

ಆಕ್ಷೇಪಗಳು ಬಂದೇ ಬರುತ್ತವೆ. ಮಾಲು ಕಳಪೆಯಾಗಿದ್ದರೆ ಹಣ ತಡೆಯುವುದು ತಪ್ಪೇ ಎಂದು ಕೊಳ್ಳುವವರು ಕೇಳಬಹುದು. ತಪ್ಪಲ್ಲ. ಮಾಲು ಕೈಸೇರಿದ 15 ದಿನದೊಳಗೆ ಲಿಖಿತ ತಕರಾರು ಎತ್ತದಿದ್ದರೆ ಒಪ್ಪಿಕೊಂಡಂತೆ ಎಂದು 2006ರ ಕಾಯ್ದೆಯೇ ಹೇಳುತ್ತದೆ. ತಕರಾರಿರುವ ಬಿಲ್ಲುಗಳನ್ನು ಬೇರೆ ಕಾಲಂನಲ್ಲಿ ತೋರಿಸಿದರೆ ಸಾಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ನಿಯಮ ಬಿಗಿಯಾದರೆ ದೊಡ್ಡವರು ಸಣ್ಣ ಘಟಕಗಳ ಸಹವಾಸವೇ ಬೇಡ ಎಂದಾರು. ತಡವಾದ ಪಾವತಿಯನ್ನು ಆ ವರ್ಷದ ಖರ್ಚಾಗಿ ತೋರಿಸಲು ಬಿಡದ ಆದಾಯ ತೆರಿಗೆ ತಿದ್ದುಪಡಿ 2024ರಲ್ಲಿ ಜಾರಿಯಾದಾಗ ಈ ಆತಂಕ ಎದ್ದಿತ್ತು, ಏಕೆಂದರೆ ಅದು ಕಿರು ಮತ್ತು ಸಣ್ಣ ಘಟಕಗಳ ಬಿಲ್ಲಿಗೆ ಮಾತ್ರ ಅನ್ವಯ. ಪಾವತಿಯ ದಾಖಲೆ ಎಲ್ಲ ಸರಬರಾಜುದಾರರ ಬಿಲ್ಲಿಗೂ ಅನ್ವಯವಾದರೆ ಸಣ್ಣವರನ್ನು ಬಿಟ್ಟು ದೊಡ್ಡವರತ್ತ ಹೋಗಿ ಗಳಿಸುವುದೇನೂ ಇರದು. ಹಣ ಬಾರದೆ ತಡಮಾಡುವ ಸಣ್ಣವರೂ ಇದರಲ್ಲಿ ಸಿಕ್ಕಿಬೀಳುತ್ತಾರೆ ಎಂಬ ಮಾತೂ ನಿಜ. ಅದಕ್ಕೇ 250 ಕೋಟಿ ಮೀರಿದವರಿಂದ ಕಡ್ಡಾಯವಾಗಿ ಶುರು ಮಾಡಿ, ಉಳಿದವರಿಗೆ ಒಪ್ಪಿಗೆಯ ಮೇಲೆ ಸೇರುವ ಅವಕಾಶ ಕೊಡಬೇಕು. ಉಕ್ಕಿನ ಅಂಗಡಿಗೆ ಹೇಳಿದ ದಿನಕ್ಕೆ ಹಣ ಕೊಡುವ ಹೊಸಬ ಅದನ್ನೇ ಸಾಕ್ಷಿಯಾಗಿ ಬ್ಯಾಂಕಿಗೆ ತೋರಿಸಲಿ.

ಹೀಗೆಂದ ಮಾತ್ರಕ್ಕೆ ಉದ್ಯಮಿಯ ಹೊಣೆ ಇಳಿಯುವುದಿಲ್ಲ. ಮನೆಖರ್ಚು ಮತ್ತು ವ್ಯಾಪಾರದ ಹಣ ಒಂದೇ ಖಾತೆಯಲ್ಲಿ ಬೆರೆತಿದ್ದರೆ ಯಾವ ಬ್ಯಾಂಕಿಗೂ ಲಾಭ ಕಾಣಿಸದು. ಲಿಖಿತ ಆರ್ಡರ್ ಇಲ್ಲದೆ, ಚಲನ್‌ಗೆ ಸಹಿ ಹಾಕಿಸದೆ ಮಾಲು ಕಳಿಸಿದವನಿಗೆ ಕಾಯ್ದೆಯೂ ನೆರವಾಗದು. ತನ್ನ ವರದಿಯನ್ನು ವರ್ಷಕ್ಕೊಮ್ಮೆಯಾದರೂ ತರಿಸಿ ನೋಡಬೇಕು. ತಪ್ಪಿದ್ದರೆ ದೂರು ಕೊಡಬೇಕು. 30 ದಿನದಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರವುಂಟು. ಆದರೆ ಶಿಸ್ತನ್ನು ಕೆಳಗಿನವನಿಂದ ಮಾತ್ರ ಬಯಸುವ ವ್ಯವಸ್ಥೆ ನ್ಯಾಯದ್ದಲ್ಲ. ರಿಸರ್ವ್ ಬ್ಯಾಂಕು ಮತ್ತು ಕೇಂದ್ರ ಸರ್ಕಾರ ಮಾಹಿತಿ ಜೋಡಣೆಗೆ ಗಡುವು ಹಾಕಿಕೊಳ್ಳಲಿ. ರಾಜ್ಯ ಸರ್ಕಾರ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ತನ್ನ ಇಲಾಖೆಗಳು, ನಿಗಮಗಳು, ಎಸ್ಕಾಂಗಳು ಸಣ್ಣ ಘಟಕಗಳ ಬಿಲ್ಲನ್ನು ಎಷ್ಟು ದಿನಕ್ಕೆ ಪಾವತಿಸುತ್ತವೆ ಎಂಬುದನ್ನು ಪ್ರತಿ ತಿಂಗಳೂ ಪ್ರಕಟಿಸಲು ಅದಕ್ಕೆ ಒಂದು ಆದೇಶ ಸಾಕು.