ಗೃಹಕೃತ್ಯ: ಇಬ್ಬರ ಅಡಿಗೆ

ಮಕ್ಕಳನ್ನು ಸಾಕಿ ಸಲಹಿ, ವಿದ್ಯೆ ಕಲಿಸಿ, ಒಂದು ನೆಲೆಗೆ ಸೇರಿಸಿದ ತರುವಾಯ ತಂದೆತಾಯಿಗಳಿಗೆ ಬರುವುದು ವಿಶ್ರಾಂತಿಯ ಕಾಲವೆಂದು ಲೋಕವು ಹೇಳುತ್ತದೆ. ಮಗಳು ಅತ್ತೆಯ ಮನೆಯನ್ನು ಸೇರಿದಳು. ಮಗನು ಉದ್ಯೋಗನಿಮಿತ್ತವಾಗಿ ಪುಣೆಗೋ ಹೈದರಾಬಾದಿಗೋ, ಇಲ್ಲವೇ ಕಡಲಾಚೆಯ ದೇಶಕ್ಕೋ ಹೊರಟನು. ಮನೆಯಲ್ಲಿ ಉಳಿದವರು ಇಬ್ಬರು. ಇನ್ನು ಕೆಲಸವು ಹಗುರವಾಯಿತೆಂದು ಕಂಡವರು ಹೇಳುವರು. ಆದರೆ ಐದಾರು ಮಂದಿಗೆ ಬೇಯಿಸುವುದು ಇಪ್ಪತ್ತೈದು ವರ್ಷಗಳಿಂದ ಕೈಗೆ ಅಭ್ಯಾಸವಾದ ಕೆಲಸ. ಇಬ್ಬರಿಗೆ ಹದವಾಗಿ ಬೇಯಿಸುವುದಾದರೋ ಹೊಸದಾಗಿ ಕಲಿಯಬೇಕಾದ ಕೆಲಸ. ಈ ತಿಂಗಳು ಆ ವಿಷಯವಾಗಿ ನಮ್ಮ ಸೋದರಿಯರೊಡನೆ ಕೆಲವು ಮಾತುಗಳನ್ನಾಡಲು ಬಯಸುತ್ತೇವೆ.

ಇಂತಹ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತೊಂದರೆಗಳು ಕಂಡುಬರುತ್ತವೆ. ಮೊದಲನೆಯದು, ಹಳೆಯ ಅಳತೆಯಂತೆಯೇ ಮಾಡಿ, ಉಳಿದುದನ್ನು ಮಾರನೆಯ ದಿನ ಉಣ್ಣುವುದು. ಉಣ್ಣುವವಳು ಬಹುಮಟ್ಟಿಗೆ ಗೃಹಿಣಿಯೇ. ಎರಡನೆಯದು, "ಇಬ್ಬರಿಗೇಕೆ ಇಷ್ಟೆಲ್ಲ?" ಎಂದು ಒಂದೊಂದನ್ನೇ ಕೈಬಿಡುತ್ತ ಬರುವುದು. ಮೊದಲು ಕೋಸಂಬರಿ ನಿಲ್ಲುತ್ತದೆ. ಆಮೇಲೆ ಪಲ್ಯ ನಿಲ್ಲುತ್ತದೆ. ತೊವ್ವೆಯು ಹಬ್ಬದ ದಿನಕ್ಕೆ ಮೀಸಲಾಗುತ್ತದೆ. ಕೊನೆಗೆ ಎಲೆಯ ಮೇಲೆ ಉಳಿಯುವುದು ಅನ್ನ, ತಿಳಿಸಾರು, ಉಪ್ಪಿನಕಾಯಿ. ಇದನ್ನು ಮಿತವ್ಯಯವೆಂದು ಹೊಗಳುವವರೂ ಉಂಟು. ನಮ್ಮ ಅಭಿಪ್ರಾಯದಲ್ಲಿ ಇದು ಮೊದಲನೆಯದಕ್ಕಿಂತ ದೊಡ್ಡ ಕೆಡುಕು. ಏಕೆಂದರೆ ವಯಸ್ಸು ಏರಿದಂತೆ ಮಾಂಸಖಂಡಗಳ ಬಲವು ತಾನಾಗಿಯೇ ಇಳಿಯುತ್ತದೆ. ಆ ಕಾಲದಲ್ಲಿಯೇ ಬೇಳೆ, ಕಾಳು, ಹಾಲು, ತರಕಾರಿಗಳನ್ನು ಬಿಟ್ಟು ಬರಿಯ ಅನ್ನದ ಮೇಲೆ ನಿಂತರೆ, ಹೊಟ್ಟೆ ತುಂಬಿದರೂ ದೇಹವು ಸೊರಗುವುದು.

ಆದುದರಿಂದ ನಾವು ಹೇಳಬೇಕಾದ ಮುಖ್ಯವಾದ ಮಾತು ಇಷ್ಟೆ: ಅಡಿಗೆಯ ಪ್ರಮಾಣವನ್ನು ಕಡಮೆ ಮಾಡಿರಿ, ಬಗೆಗಳನ್ನು ಕಡಮೆ ಮಾಡಬೇಡಿರಿ. ಐವರಿದ್ದಾಗಿನ ಸಾಮಾನಿನ ಚೀಟಿಯನ್ನು ಹಿಡಿದು ಎಲ್ಲ ಪದಾರ್ಥಗಳನ್ನೂ ಒಂದೇ ಸಮನಾಗಿ ಇಳಿಸುವುದು ಸರಿಯಾದ ಲೆಕ್ಕವಲ್ಲ. ಬೆಳೆಯುವ ಹುಡುಗರಿದ್ದ ಮನೆಯ ಚೀಟಿಯಲ್ಲಿ ಅಕ್ಕಿ, ಸಕ್ಕರೆ, ಎಣ್ಣೆಗಳದೇ ಮೇಲುಗೈ. ಅವು ಹೆಚ್ಚಾಗಿ ಇಳಿಯಲಿ; ಬೇಳೆ ಕಾಳುಗಳೂ ಸೊಪ್ಪು ತರಕಾರಿಗಳೂ ಅಷ್ಟು ಇಳಿಯಕೂಡದು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 2024ರಲ್ಲಿ ಪ್ರಕಟಿಸಿದ ಆಹಾರ ಸೂಚನೆಗಳಲ್ಲಿ, ದಿನಕ್ಕೆ 2,000 ಕ್ಯಾಲೊರಿ ಬೇಕಾದವರಿಗೆ ಸುಮಾರು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ ಮತ್ತು ಸೊಪ್ಪು, 100 ಗ್ರಾಂ ಹಣ್ಣು, 300 ಮಿಲಿಲೀಟರ್ ಹಾಲು ಎಂದು ಹೇಳಿದೆ. ಇದನ್ನು ಇಬ್ಬರಿಗೆ, ಮೂವತ್ತು ದಿನಗಳಿಗೆ ಗುಣಿಸಿ ನೋಡಿರಿ. ಧಾನ್ಯವು 15 ಕಿಲೋ ಆಗುತ್ತದೆ. ಅಕ್ಕಿ 8 ಕಿಲೋ, ರಾಗಿ ಅಥವಾ ಗೋಧಿಯ ಹಿಟ್ಟು 5 ಕಿಲೋ, ರವೆ ಅವಲಕ್ಕಿಗಳು 2 ಕಿಲೋ ಎಂದು ಹಂಚಿಕೊಳ್ಳಬಹುದು. ಶರೀರಶ್ರಮ ಕಡಮೆಯಾದವರು ಇದರಲ್ಲಿ ಇನ್ನೂ ಸ್ವಲ್ಪ ಇಳಿಸಬಹುದು. ಬೇಳೆಕಾಳುಗಳಾದರೋ 5 ಕಿಲೋ ಆಗುತ್ತವೆ! ತೊಗರಿಬೇಳೆ 2, ಹೆಸರುಬೇಳೆ 1, ಉದ್ದಿನಬೇಳೆ 1, ಕಡಲೆಕಾಳು ಅರ್ಧ, ಹುರುಳಿ ಅಥವಾ ಅಲಸಂದೆ ಅರ್ಧ ಕಿಲೋ ತಂದರೆ ಲೆಕ್ಕ ಸರಿಹೋಗುತ್ತದೆ. ತಿಂಗಳಿಗೆ ಒಂದೇ ಕಿಲೋ ತೊಗರಿಬೇಳೆಯಲ್ಲಿ ಕಾಲಹಾಕುವ ಇಬ್ಬರ ಮನೆಯವರು ಈ ಅಂಕಿಗಳನ್ನು ಮತ್ತೊಮ್ಮೆ ಓದಬೇಕು. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಮೊದಲಾದುವು ಉಳ್ಳವರು ಮಾತ್ರ ತಮ್ಮ ವೈದ್ಯರು ಹೇಳಿದ ಅಳತೆಯನ್ನೇ ಅನುಸರಿಸತಕ್ಕದ್ದು.

ಉಪ್ಪಿನ ವಿಷಯದಲ್ಲಿಯೂ ಒಂದು ಸುಲಭವಾದ ಪರೀಕ್ಷೆ ಉಂಟು. ಒಬ್ಬರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾದರೆ ಇಬ್ಬರಿರುವ ಮನೆಯಲ್ಲಿ ಒಂದು ಕಿಲೋ ಪೊಟ್ಟಣವು ಮೂರು ತಿಂಗಳಿಗೂ ಮೀರಿ ಬರಬೇಕು. ಒಂದೂವರೆ ತಿಂಗಳಲ್ಲಿ ಮುಗಿಯುವುದಾದರೆ ಕೈಯು ಇನ್ನೂ ಐವರ ಅಡಿಗೆಯನ್ನೇ ಮಾಡುತ್ತಿದೆಯೆಂದು ತಿಳಿಯಬೇಕು.

ಸಾಮಾನು ತರುವ ಕ್ರಮವನ್ನೂ ಬದಲಾಯಿಸಿಕೊಳ್ಳಬೇಕು. ದೊಡ್ಡ ಪೊಟ್ಟಣಕ್ಕೆ ಬೆಲೆ ಅಗ್ಗವೆಂಬುದು ನಿಜ. ಆದರೆ ಹುಳು ಬಿದ್ದ ರವೆಗೂ ಮುಗ್ಗಲು ಹಿಡಿದ ಹಿಟ್ಟಿಗೂ ಅಗ್ಗವೇನು ಬಂತು? ತೊಗರಿಬೇಳೆ, ರಾಗಿಕಾಳು, ಬೆಲ್ಲ ಮುಂತಾದ ಬಾಳಿಕೆಯ ಪದಾರ್ಥಗಳನ್ನು ತಿಂಗಳಿಗೊಮ್ಮೆ ತನ್ನಿರಿ. ಹಿಟ್ಟು ಮತ್ತು ಎಣ್ಣೆಗಳನ್ನು ಚಿಕ್ಕ ಪೊಟ್ಟಣಗಳಲ್ಲಿ ತನ್ನಿರಿ. ರವೆಯನ್ನು ತಂದ ದಿನವೇ ಬೆಚ್ಚಗೆ ಹುರಿದು, ಆರಿಸಿ, ಡಬ್ಬಿಗೆ ತುಂಬಿರಿ. ಸಾರಿನ ಪುಡಿ, ಹುಳಿ ಪುಡಿಗಳನ್ನು ವರ್ಷಕ್ಕಾಗುವಷ್ಟು ಕುಟ್ಟಿಸಿಡುವ ಪದ್ಧತಿಯನ್ನು ಬಿಟ್ಟು, ಒಂದೆರಡು ತಿಂಗಳಿಗೆ ಸಾಲುವಷ್ಟನ್ನು ಮಾತ್ರ ಮಾಡಿಕೊಂಡರೆ ಕೊತ್ತಂಬರಿ ಜೀರಿಗೆಗಳ ಪರಿಮಳವು ಕೊನೆಯ ಚಮಚದವರೆಗೂ ಉಳಿಯುತ್ತದೆ. ತರಕಾರಿಯನ್ನು ವಾರಕ್ಕೆ ಎರಡು ಸಲ ತರುವುದೇ ಲೇಸು. ಒಂದು ಎಲೆಕೋಸನ್ನು ಇಬ್ಬರೇ ನಾಲ್ಕು ದಿನ ತಿಂದು ಬೇಸರಪಡುವುದಕ್ಕಿಂತ ಪಕ್ಕದ ಮನೆಯವರೊಡನೆ ಪಾಲು ಮಾಡಿಕೊಳ್ಳಬಹುದು. ಅವರ ಕುಂಬಳದ ಹೋಳು ನಿಮಗೂ ಬರುವುದು. ಇದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಇನ್ನು ಅಡಿಗೆಯ ಕೆಲಸ. ಸೇರು ಪಾವುಗಳು 1956ರ ಕಾಯಿದೆಯ ತರುವಾಯ ಅಂಗಡಿಗಳನ್ನು ಬಿಟ್ಟುಹೋದರೂ ಅನೇಕ ಮನೆಗಳ ಅಕ್ಕಿಯ ಡಬ್ಬಿಯಲ್ಲಿ ಪಾವು ಇಂದಿಗೂ ಉಂಟು. ಅದನ್ನು ತೆಗೆದಿಟ್ಟು ಅರೆಪಾವನ್ನು ಹಾಕಿರಿ. ಕೈಯು ತಾನಾಗಿಯೇ ಹೊಸ ಅಳತೆಗೆ ಒಗ್ಗುವುದು. ಹಾಗೆಯೇ ನೀರನ್ನು ಅಕ್ಕಿಯಂತೆ ಸರಿಯಾಗಿ ಅರ್ಧ ಮಾಡಿದರೆ ಅನ್ನವು ತಳಹಿಡಿಯುವ ಸಂಭವವುಂಟು. ನೀರು ಆವಿಯಾಗುವುದು ಪಾತ್ರೆಯ ಅಗಲವನ್ನೂ ಉರಿಯನ್ನೂ ಅವಲಂಬಿಸಿರುವುದೇ ಹೊರತು ಅಕ್ಕಿಯ ಅಳತೆಯನ್ನಲ್ಲ. ಆದುದರಿಂದ ಕಿರಿದಾದ ಪಾತ್ರೆಯೇ ಮೇಲು. ದೊಡ್ಡ ಕುಕ್ಕರೇ ಇದ್ದರೆ, ತಳಕ್ಕೆ ನೀರು ಹಾಕಿ, ಒಂದು ಚಿಕ್ಕ ಪಾತ್ರೆಯಲ್ಲಿ ಅಕ್ಕಿ, ಅದರ ಮೇಲೊಂದರಲ್ಲಿ ಬೇಳೆಯನ್ನಿಟ್ಟು ಒಟ್ಟಿಗೆ ಬೇಯಿಸಬಹುದು. ಬೆಂದ ಬೇಳೆಯಲ್ಲಿ ಅರ್ಧವನ್ನು ಮಧ್ಯಾಹ್ನ ಸೊಪ್ಪಿನ ಹುಳಿಗೆ ಉಪಯೋಗಿಸಿ, ಉಳಿದರ್ಧವನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟರೆ ರಾತ್ರಿಯ ತೊವ್ವೆಗೆ ಆಯಿತು. ಒಂದೇ ಬೇಯಿಸುವಿಕೆ; ಎರಡು ರುಚಿ.

ದೋಸೆಯ ಹಿಟ್ಟಿನ ತೊಡಕು ಬೇರೆ. ಒಂದು ಹಿಡಿ ಉದ್ದಿನಬೇಳೆಯನ್ನು ರುಬ್ಬುವ ಯಂತ್ರಕ್ಕೆ ಹಾಕಿದರೆ ಅದು ಗೋಡೆಗೆ ಮೆತ್ತಿಕೊಳ್ಳುವುದಲ್ಲದೆ ನುಣ್ಣಗಾಗದು. ಮೂರು ದಿನಕ್ಕಾಗುವಷ್ಟನ್ನೇ ರುಬ್ಬಿ, ಹುದುಗು ಬಂದ ಕೂಡಲೇ ತಂಪಿನಲ್ಲಿಡಿರಿ. ಮೊದಲ ದಿನ ಇಡ್ಲಿ, ಮಾರನೆಯ ದಿನ ದೋಸೆ, ಮೂರನೆಯ ದಿನ ಈರುಳ್ಳಿ ಹಸಿಮೆಣಸಿನಕಾಯಿ ಹೆಚ್ಚಿಹಾಕಿ ಗುಳಿಯಲ್ಲಿ ಪಡ್ಡು. ಹುಳಿ ಏರಿದಂತೆ ತಿಂಡಿ ಬದಲಾಗುವುದರಿಂದ ಬೇಸರವೂ ಇಲ್ಲ, ಚೆಲ್ಲುವುದೂ ಇಲ್ಲ.

ಉಳಿದ ಅನ್ನದ ವಿಷಯದಲ್ಲಿ ಎಚ್ಚರಿಕೆ ಅಗತ್ಯ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಕುದಿಯನ್ನೂ ತಾಳಿಕೊಳ್ಳುತ್ತವೆ. ಅನ್ನವು ಹೊರಗೇ ಬಹಳ ಹೊತ್ತು ಇದ್ದರೆ ಅವು ವೃದ್ಧಿಹೊಂದಿ ವಿಷವನ್ನುಂಟುಮಾಡುತ್ತವೆ. ಆ ವಿಷವು ಮತ್ತೆ ಬಿಸಿ ಮಾಡಿದರೂ ಹೋಗದಿರಬಹುದು. ಎರಡು ಗಂಟೆಗಳೊಳಗಾಗಿ ಅಗಲವಾದ ತಟ್ಟೆಯಲ್ಲಿ ಆರಿಸಿ ತಂಪಿನಲ್ಲಿಟ್ಟ ಅನ್ನವನ್ನು ಮಾರನೆಯ ಬೆಳಿಗ್ಗೆ ಚಿತ್ರಾನ್ನಕ್ಕೆ ಉಪಯೋಗಿಸಬಹುದು. ರಾತ್ರಿಯೆಲ್ಲ ಒಲೆಯ ಪಕ್ಕದಲ್ಲಿದ್ದುದನ್ನು "ಚೆಲ್ಲುವುದು ಪಾಪ" ಎಂದು ತಾನೊಬ್ಬಳೇ ತಿನ್ನುವ ಗೃಹಿಣಿಗೆ ನಮ್ಮ ಬಿನ್ನಹವೇನೆಂದರೆ, ಕಡಮೆ ಬೇಯಿಸುವುದರಿಂದ ಆ ಪಾಪವನ್ನು ಹಿಂದಿನ ದಿನವೇ ತಪ್ಪಿಸಬಹುದು.

ಮನೆಯ ಯಜಮಾನರಿಗೂ ಒಂದು ಮಾತು. ಇಬ್ಬರ ಅಡಿಗೆಯನ್ನು ಇಬ್ಬರೂ ಬಲ್ಲವರಾಗಿರಬೇಕು. ತರಕಾರಿ ಹೆಚ್ಚುವುದು, ಅನ್ನ ಸಾರು ಮಾಡುವುದು, ಮಜ್ಜಿಗೆ ಕಡೆಯುವುದು ಕಲಿತರೆ ಹೆಂಡತಿಗೆ ಜ್ವರ ಬಂದ ದಿನ ಹೋಟೆಲಿಗೆ ಓಡಬೇಕಾಗಿಲ್ಲ. ವಿಧಿವಶಾತ್ ಇಬ್ಬರಲ್ಲಿ ಒಬ್ಬರೇ ಉಳಿಯುವ ಕಾಲವೂ ಬಂದೀತು. ಆಗ ಒಬ್ಬರಿಗಾಗಿಯೂ ಎಲೆ ಹಾಕಿ, ಬಿಸಿಯಾಗಿ ಬಡಿಸಿಕೊಂಡು ಉಣ್ಣುವ ಅಭ್ಯಾಸವಿದ್ದವರು ಆ ದುಃಖವನ್ನು ಹೆಚ್ಚು ಧೈರ್ಯದಿಂದ ತಾಳಬಲ್ಲರು.

ಮಕ್ಕಳಿಗೆ ಪ್ರಿಯವಾದ ತಿಂಡಿಗಳ ಸಾಮಾನನ್ನು ಪ್ರತಿ ತಿಂಗಳೂ ಮರೆಯದೆ ಬರೆಯುವ ತಾಯಂದಿರುಂಟು. ಆ ಅಕ್ಕರೆಯನ್ನು ನಾವು ಅಲ್ಲಗಳೆಯೆವು. ಆದರೆ ಆ ಸಾಮಾನನ್ನು ಡಬ್ಬಿಯಲ್ಲಿ ಹಳಸಗೊಡದೆ, ಚಟ್ನಿ ಪುಡಿಯನ್ನೋ ಮೆಂತ್ಯದ ಹಿಟ್ಟನ್ನೋ ಮಾಡಿ ಅವರಿದ್ದಲ್ಲಿಗೆ ಕಳುಹಿಸಿಕೊಡಿರಿ. ಮಾಡುವ ಬಗೆಯನ್ನೂ ಬರೆದು ಜೊತೆಗಿಡಿರಿ. ದೊಡ್ಡ ಕೊಳದಪ್ಪಲೆಯನ್ನು ಮಾರಬೇಡಿರಿ. ಬೆಳಗಿ ಅಟ್ಟದ ಮೇಲಿಡಿರಿ. ದೀಪಾವಳಿಗೆ ಮಕ್ಕಳು ಮೊಮ್ಮಕ್ಕಳು ಬಂದಾಗ ಅದು ಬೇಕಾಗುವುದು. ಅವರು ಬರುವ ಹೊತ್ತಿಗೆ ಉಣಬಡಿಸಲು ತಾಯಿಯ ಕೈಯಲ್ಲಿ ಬಲವಿರಬೇಕು. ಜೊತೆಯಲ್ಲಿ ಕುಳಿತು ಉಣ್ಣಲು ತಂದೆಗೆ ಆರೋಗ್ಯವಿರಬೇಕು. ಆ ಬಲವೂ ಆರೋಗ್ಯವೂ ದೊರೆಯಬೇಕಾದುದು ಅವರಿಲ್ಲದ ದಿನಗಳ ಊಟದಿಂದಲೇ ಎಂಬುದನ್ನು ನಮ್ಮ ಸೋದರಿಯರು ಮನಸ್ಸಿನಲ್ಲಿಟ್ಟು, ನಾಳೆಯ ಅಡಿಗೆಗೆ ಒಂದು ಪಲ್ಯವನ್ನೂ ಒಂದು ಬಟ್ಟಲು ಕೋಸಂಬರಿಯನ್ನೂ ಸೇರಿಸಬೇಕೆಂದು ಕೋರುತ್ತೇವೆ.