ಕ್ಯಾಲೆಂಡರಿನ ಹಿಂದಿನ ಬಿರುಕು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು, ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡಿರಲಿಕ್ಕಿಲ್ಲ. ನೋಡಿದ್ದರೆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತು. ತಾನು ವಾಸಿಸದ ಮನೆಯ ಯೋಗಕ್ಷೇಮವನ್ನು ನೋಡಿಕೊಳ್ಳುವುದು ಸುಲಭವಲ್ಲ.

ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ನಿವೃತ್ತ ಶಿಕ್ಷಕರೊಬ್ಬರಿದ್ದಾರೆಂದು ಓದುಗರು ಊಹಿಸಿಕೊಳ್ಳಬಹುದು. ಅವರಿಗೆ ತಂದೆಯ ಕಾಲದ್ದೊಂದು ಹಳೆಯ ಮನೆಯುಂಟು; ಕೆಸರಿನಲ್ಲಿ ಕೂಡಿಸಿದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಆರೋಗ್ಯ ಕೇಂದ್ರದ ದಾದಿಯೊಬ್ಬರು ಇಬ್ಬರು ಮಕ್ಕಳೊಡನೆ ಅಲ್ಲಿ ಬಾಡಿಗೆಗೆ ಇದ್ದಾರೆ.

ಮೊದಲ ಮಳೆಗಾಲದಲ್ಲಿಯೇ ಆಕೆ ಬಂದು, “ಸರ, ಮಾಳಗಿ ಸೋರಲಾಕತ್ತದರಿ” ಎಂದರು.

“ಮಳಿಗಾಲದಾಗ ಯಾರ ಮಾಳಗಿ ಸೋರಂಗಿಲ್ಲ, ಹೇಳವ್ವ?” ಎಂದು ಗುರುಗಳು ನಕ್ಕರು. ಆಳು ಕರೆಸಿ ಹತ್ತಾರು ಬುಟ್ಟಿ ಮಣ್ಣು ಹಾಕಿಸಿ, ಅದರ ಕೂಲಿಯನ್ನು ಮುಂದಿನ ತಿಂಗಳ ಬಾಡಿಗೆಗೆ ಸೇರಿಸಿದರು. ಅಂದಿನಿಂದ ಆಕೆ ಯಾವ ದೂರನ್ನೂ ತರಲಿಲ್ಲ. ಗೋಡೆಯಲ್ಲಿ ಬಿರುಕು ಕಂಡಾಗ ಅದರ ಮೇಲೊಂದು ಕ್ಯಾಲೆಂಡರನ್ನು ತೂಗುಹಾಕಿದರು. ‘ತಕರಾರಿಲ್ಲದ ಬಾಡಿಗೆದಾರರು’ ಎಂದು ಗುರುಗಳು ಊರವರ ಮುಂದೆ ಹೊಗಳಿದರು.

2021ರ ಅಕ್ಟೋಬರ್ 11ರ ರಾತ್ರಿ, ಅದೇ ತಾಲೂಕಿನ ಗಡಿಕೇಶ್ವಾರದ ಸುತ್ತಮುತ್ತ ಭೂಮಿ ನಡುಗಿತು. ಕಂಪನದ ತೀವ್ರತೆ 4.1. ಆ ದಿನಗಳಲ್ಲಿ ಅನೇಕರು ಮನೆಯೊಳಗೆ ಮಲಗಲು ಹೆದರಿ ಬಯಲಿಗೆ ಬಂದರು. ನಮ್ಮ ಗುರುಗಳೂ ಟಾರ್ಚು ಹಿಡಿದು ಬಾಡಿಗೆಯ ಮನೆಗೆ ಧಾವಿಸಿದರು. ಗೋಡೆ ಬಿದ್ದಿರಲಿಲ್ಲ, ಕ್ಯಾಲೆಂಡರು ಮಾತ್ರ ಬಿದ್ದಿತ್ತು. ಅದರ ಹಿಂದೆ ಬೆರಳು ತೂರುವಷ್ಟು ಬಿರುಕು. ಬಿರುಕಿನ ಬುಡದಲ್ಲಿಯೇ ಮಕ್ಕಳ ಹಾಸಿಗೆ.

“ನನಗೊಂದು ಮಾತು ಹೇಳಬಾರದಿತ್ತೇನವ್ವ?”

“ಹೇಳಿದ್ರ ಬಾಡಿಗಿ ಏರತದಂತ ಸುಮ್ಮನಿದ್ದೆರಿ, ಸರ.”

ಗುರುಗಳು ಮರುಮಾತಾಡಲಿಲ್ಲ. ಆ ರಾತ್ರಿಯಿಂದ ದುರಸ್ತಿ ಮುಗಿಯುವವರೆಗೆ ದಾದಿಯೂ ಮಕ್ಕಳೂ ಗುರುಗಳ ಮನೆಯ ಪಡಸಾಲೆಯಲ್ಲಿಯೇ ಇದ್ದರು.

ಅವರ ಮೌನಕ್ಕೆ ಕಾರಣವಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯ ಸೀಮೆಯಲ್ಲಿ ಸಾವಿರಾರು ಜನ ಅಸುನೀಗಿದ್ದು ಇಂಥ ಮನೆಗಳ ಕೆಳಗೆಯೇ. ಸೋರಿದಾಗಲೆಲ್ಲ ಮಣ್ಣು ಹೇರಿದರೆ ಮಾಳಿಗೆಯ ಭಾರ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಒಳಮೈ ಹೊರಮೈಗಳನ್ನು ಬಿಗಿಯುವ ಉದ್ದಗಲ್ಲುಗಳಿಲ್ಲದ ಗೋಡೆ ನೆಲ ಅಲುಗಿದಾಗ ಇಬ್ಭಾಗವಾಗಿ ಕುಸಿಯುತ್ತದೆ. ಸೋರಿಕೆಗೆಂದು ಮಾಡಿದ ಮದ್ದೇ ಪ್ರಾಣಕ್ಕೆ ಎರವಾಗುತ್ತದೆ.

ಹಾನಿಯ ಹೊಣೆ ಯಾರದು? 1882ರ ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಬಾಡಿಗೆದಾರನು ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಕಾಪಾಡಬೇಕೆನ್ನುತ್ತದೆ. ಆದರೆ ಸಹಜ ಸವಕಳಿಗಾಗಲಿ, ಪ್ರಕೃತಿಯ ತಡೆಯಲಾರದ ಹೊಡೆತಕ್ಕಾಗಲಿ ಆತ ಹೊಣೆಯಲ್ಲ. ಒಡೆಯನು ಮಾಡಿಸಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರನೇ ಮಾಡಿಸಿ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದ್ದರಿಂದ ಯಾವ ದುರಸ್ತಿ ಯಾರದೆಂಬುದನ್ನು ಕರಾರಿನಲ್ಲಿಯೇ ಬರೆಯುವುದು ಲೇಸು. ಮನೆ ಕೊಡುವ ದಿನ ಗೋಡೆ, ಬಾಗಿಲು, ನಲ್ಲಿಗಳ ಸ್ಥಿತಿಯನ್ನು ಪಟ್ಟಿಮಾಡಿ, ಛಾಯಾಚಿತ್ರ ತೆಗೆದು, ಇಬ್ಬರೂ ರುಜು ಹಾಕಿದರೆ ಬಿಡುವ ದಿನ ಮುಂಗಡದ ಹಣಕ್ಕಾಗಿ ಜಗಳವಾಗದು.

ವಿಮೆಯೂ ಉಂಟು. 2021ರ ಏಪ್ರಿಲ್ ತಿಂಗಳಿಂದ ಬಂದಿರುವ ‘ಭಾರತ್ ಗೃಹ ರಕ್ಷಾ’ ಬೆಂಕಿ, ನೆರೆ, ಭೂಕಂಪಗಳ ಹಾನಿಯನ್ನು ತುಂಬಿಕೊಡುತ್ತದೆ, ಸವಕಳಿಯನ್ನಲ್ಲ. ಕಟ್ಟಡ ಎಂಥದು, ಅದರಲ್ಲಿ ಯಾರಿದ್ದಾರೆ ಎಂಬುದನ್ನು ಮುಚ್ಚಿಡದೆ ತಿಳಿಸಿಯೇ ಅದನ್ನು ಪಡೆಯಬೇಕು. ಆದರೆ ವಿಮೆ ಕೊಡುವುದು ಹಣವನ್ನು, ಹೋದ ಜೀವವನ್ನಲ್ಲ.

ಇವೆಲ್ಲಕ್ಕಿಂತ ಅಗ್ಗದ ರಕ್ಷಣೆ ಮತ್ತೊಂದಿದೆ. ಬಿರುಕನ್ನು ಮೊದಲು ಕಾಣುವವರು ಮನೆಯಲ್ಲಿರುವವರು. ಅವರ ದೂರಿಗೆ ದಂಡ ವಿಧಿಸುವ ಒಡೆಯ ತನ್ನ ಮನೆಯ ಕಣ್ಣನ್ನೇ ಕಟ್ಟಿದಂತೆ.

ಗುರುಗಳು ಮಾಳಿಗೆಯ ಹೆಚ್ಚಿನ ಮಣ್ಣನ್ನು ಇಳಿಸಿ, ಗೋಡೆಯನ್ನು ಬಿಚ್ಚಿಸಿ ಉದ್ದಗಲ್ಲಿಟ್ಟು ಕಟ್ಟಿಸಿದರು, ಬಾಡಿಗೆ ಏರಿಸಲಿಲ್ಲ. ಹೊಸ ವರ್ಷದ ಕ್ಯಾಲೆಂಡರು ಈಗ ಬಾಗಿಲ ಬಳಿ ತೂಗುತ್ತಿದೆ. ಪ್ರತಿ ತಿಂಗಳ ಒಂದನೆಯ ತಾರೀಖಿಗೆ ಕೆಂಪು ಸುತ್ತು. ಅದು ಬಾಡಿಗೆ ಕೊಡುವ ದಿನವಷ್ಟೇ ಅಲ್ಲ. ಒಡೆಯರೂ ಬಾಡಿಗೆದಾರರೂ ಕೂಡಿ ಗೋಡೆಗಳನ್ನು ನೋಡುವ ದಿನ.