ಅಜ್ಜಿಯ ಮೂರು ಫೈಲು

ಪುಟಾಣಿಗಳೇ, ಈ ವಾರ ಒಂದು ತಪ್ಪಿನ ಕಥೆ ಹೇಳುತ್ತೇನೆ. ತಪ್ಪು ಮಾಡಿದವನು ಒಂಬತ್ತನೇ ತರಗತಿ ಓದುವ ನನ್ನ ಮೊಮ್ಮಗ. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರೀರಿ ತಾತ, ಆದ್ರೆ ನನ್ನ ಹೆಸರು ಮಾತ್ರ ಹಾಕ್ಬೇಡಿ" ಅಂದ. ಆಗಲಿ, ಪುಟ್ಟ ಎಂದೇ ಕರೆಯೋಣ. ತಪ್ಪಿನಲ್ಲಿ ಅರ್ಧ ಪಾಲು ನನ್ನದೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ಕಥೆ ಶುರುವಾಗುವುದು 2003ರಲ್ಲಿ. ಪುಟ್ಟನ ಅಜ್ಜಿ, ಅಂದರೆ ನನ್ನ ಹೆಂಡತಿ, ಆಗ ಜಯನಗರದ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದಳು. "ಈ ವಯಸ್ಸಲ್ಲಿ ಇದೇನೇ?" ಎಂದು ನಾನು ನಕ್ಕಿದ್ದೆ. ಅವಳು ನಗಲಿಲ್ಲ. ಮೂರೇ ತಿಂಗಳಲ್ಲಿ ಕನ್ನಡ ಟೈಪಿಂಗ್ ಕಲಿತು, ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಕೂತು ಮೂರು ಫೈಲು ಮಾಡಿದಳು. ಒಂದರಲ್ಲಿ ಹಬ್ಬದ ಅಡುಗೆ. ಇನ್ನೊಂದರಲ್ಲಿ ಮನೆಮದ್ದು. ಮೂರನೆಯದರಲ್ಲಿ ನನ್ನ ತಾಯಿ ಹಾಡುತ್ತಿದ್ದ ಹಸೆ ಹಾಡು, ಆರತಿ ಹಾಡು, ತೊಟ್ಟಿಲ ಹಾಡು. ಅತ್ತೆಯ ಬಾಯಿಂದ ಸೊಸೆ ಕೇಳಿ ಬರೆದದ್ದು. ಒಟ್ಟು ಹನ್ನೊಂದು ಹಾಡು.

ಅವಳು ಹೋಗಿ ಆರು ವರ್ಷವಾಯಿತು. ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವಾಗ ಮೂರು ಫೈಲುಗಳನ್ನೂ ಒಂದು ಪೆನ್‌ಡ್ರೈವಿಗೆ ಹಾಕಿಸಿ, ಬೀರುವಿನಲ್ಲಿ ಪಾಸ್‌ಬುಕ್ಕುಗಳ ಜತೆ ಇಟ್ಟಿದ್ದೆ. ಮೊನ್ನೆ ಬೇಸಿಗೆ ರಜಕ್ಕೆ ಪುಟ್ಟ ಜೆ.ಪಿ. ನಗರದಿಂದ ನಮ್ಮನೆಗೆ ಬಂದಾಗ ಅದನ್ನು ತೆಗೆದುಕೊಟ್ಟೆ. ಅವನ ಲ್ಯಾಪ್‌ಟಾಪಿನಲ್ಲಿ ತೆರೆದರೆ ಕನ್ನಡದ ಒಂದಕ್ಷರವೂ ಇಲ್ಲ! ಇಂಗ್ಲಿಷಿನ 'ಪಿ', ತಲೆಯ ಮೇಲೆ ಗೀಟಿರುವ 'ಎ', ಪೌಂಡಿನ ಗುರುತು, ಮತ್ತೆ ಗೀಟಿರುವ 'ಎ'. ಪುಟದ ತುಂಬ ಇದೇ ಕಲಸುಮೇಲೋಗರ.

"ಫೈಲ್ ಹಾಳಾಗಿದೆ ತಾತ" ಅಂದ ಪುಟ್ಟ. ಹಾಳಾಗಿರಲಿಲ್ಲ. ಹಾಳಾದದ್ದು ಆಮೇಲೆ.

ಇಲ್ಲಿ ಸ್ವಲ್ಪ ಲೆಕ್ಕ ಕಲಿಯಬೇಕು. ಅಜ್ಜ ಅಜ್ಜಿಯರೂ ಕೇಳಿ, ಕಷ್ಟವೇನಿಲ್ಲ. ಕಂಪ್ಯೂಟರಿನೊಳಗೆ ಅಕ್ಷರವಿಲ್ಲ, ಚಿತ್ರವಿಲ್ಲ, ಹಾಡೂ ಇಲ್ಲ. ಇರುವುದು ಸಂಖ್ಯೆಗಳ ಸಾಲು. ಗೋಡೆಯ ಮೇಲೆ ಎಂಟು ಸ್ವಿಚ್ಚುಗಳಿವೆ ಎನ್ನಿ. ಒಂದೊಂದನ್ನೂ ಹಾಕಬಹುದು ಅಥವಾ ಆರಿಸಬಹುದು. ಎಂಟೂ ಸೇರಿದರೆ 256 ಬಗೆ ಆಗುತ್ತದೆ. ಹಾಗಾಗಿ ಎಂಟು ಸ್ವಿಚ್ಚಿನ ಒಂದು ಗುಂಪಿನಲ್ಲಿ 0ಯಿಂದ 255ರವರೆಗಿನ ಯಾವುದಾದರೂ ಒಂದು ಸಂಖ್ಯೆಯನ್ನು ಇಡಬಹುದು. ಈ ಗುಂಪೇ ಬೈಟ್. 1956ರಲ್ಲಿ ಐಬಿಎಂನ ವರ್ನರ್ ಬುಕ್‌ಹೋಲ್ಟ್ಸ್ ಎಂಬ ಎಂಜಿನಿಯರ್ ಈ ಹೆಸರು ಇಟ್ಟರು. ಫೈಲು ಅಂದರೆ ಸಾಲಾಗಿ ನಿಂತ ಬೈಟುಗಳು, ಅಷ್ಟೇ. ನಮ್ಮ ಬ್ಯಾಂಕಿನ ಲೆಡ್ಜರಿನಲ್ಲಿ ಅಂಕಿಗಳ ಉದ್ದ ಕಂಬಸಾಲು ಇರುತ್ತಿತ್ತಲ್ಲ, ಹಾಗೆ.

ಲೆಡ್ಜರಿನ ಅಂಕಿ ನೋಡಿದರೆ ಅದು ರೂಪಾಯಿಯೋ ಖಾತೆಯ ನಂಬರೋ ಹೇಗೆ ತಿಳಿಯುತ್ತದೆ? ಮೇಲೆ ತಲೆಬರಹ ಇರುತ್ತದೆ. ಬರಿಯ ಅಂಕಿ ತಾನು ಏನೆಂದು ಹೇಳುವುದಿಲ್ಲ. ಬೈಟುಗಳೂ ಹಾಗೆಯೇ. ಓದುವವರಿಗೆ ಯಾವ ಪಟ್ಟಿ ಹಿಡಿದು ಓದಬೇಕೆಂದು ಗೊತ್ತಿರಬೇಕು.

ಅಜ್ಜಿ ಟೈಪ್ ಮಾಡಿದ್ದು ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ. ಅದರ ಕೀಲಿಮಣೆ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ್ದು. ಆ ಕಾಲದ ನುಡಿಯಲ್ಲಿ ಕನ್ನಡದ ಅಕ್ಷರಗಳನ್ನು ತುಂಡು ತುಂಡು ಮಾಡಿ ಒಂದೊಂದು ತುಂಡಿಗೆ ಒಂದೊಂದು ಸಂಖ್ಯೆ ಕೊಟ್ಟಿದ್ದರು. 'ಕನ್ನಡ' ಎಂಬ ಪದಕ್ಕೆ ಏಳು ಬೈಟ್: 80, 192, 163, 192, 223, 113, 192. 192 ಮೂರು ಸಲ ಬಂದಿದೆ, ನೋಡಿದಿರಾ? ಅದು ತಲೆಕಟ್ಟು. ನುಡಿಯ ಫಾಂಟ್ ಇದ್ದ ಕಂಪ್ಯೂಟರಿನಲ್ಲಿ ಈ ತುಂಡುಗಳು ಕೂಡಿಕೊಂಡು ಕನ್ನಡವಾಗುತ್ತಿದ್ದವು. ಪುಟ್ಟನ ಲ್ಯಾಪ್‌ಟಾಪಿನಲ್ಲಿ ಆ ಫಾಂಟ್ ಇರಲಿಲ್ಲ. ಬೈಟುಗಳೆಲ್ಲ ಸರಿಯಾಗಿದ್ದವು, ಓದುವ ಪಟ್ಟಿ ಬೇರೆಯಾಗಿತ್ತು.

ಈಗ ನಾವು ಮೊಬೈಲಿನಲ್ಲಿ ಕನ್ನಡ ಬರೆಯುವುದು ಯೂನಿಕೋಡ್ ಎಂಬ ಪಟ್ಟಿಯಲ್ಲಿ. ಲೋಕದ ಎಲ್ಲ ಲಿಪಿಗಳಿಗೂ ಒಂದೇ ದೊಡ್ಡ ರಿಜಿಸ್ಟರ್ ಇದ್ದಂತೆ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ ಕೊಟ್ಟಿದ್ದಾರೆ. 'ಅ'ಗೆ 3205. ಒಂದು ಬೈಟಿನಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲವಲ್ಲ, ಅದಕ್ಕೇ 3205ನ್ನು ಮೂರು ಬೈಟಿಗೆ ಹಂಚುತ್ತಾರೆ: 224, 178, 133. ಹೀಗೆ ಹಂಚುವ ಕ್ರಮಕ್ಕೆ ಯುಟಿಎಫ್-8 ಎಂದು ಹೆಸರು. 1992ರಲ್ಲಿ ಕೆನ್ ಥಾಮ್ಸನ್ ಮತ್ತು ರಾಬ್ ಪೈಕ್ ಇದನ್ನು ರೂಪಿಸಿದರು. ಈ ಕ್ರಮದಲ್ಲಿ ಯಾವ ಬೈಟಿನ ಮುಂದೆ ಯಾವುದು ಬರಬೇಕೆಂದು ಕಟ್ಟುನಿಟ್ಟಾದ ನಿಯಮವಿದೆ. 192 ಎಂಬ ಬೈಟ್ ಅದರಲ್ಲಿ ಎಲ್ಲೂ ಬರುವಂತೆಯೇ ಇಲ್ಲ.

ಈಗ ಪುಟ್ಟನ ತಪ್ಪಿಗೆ ಬರೋಣ. ಅವನು ಶಾಲೆಯಲ್ಲಿ ಪೈಥಾನ್ ಕಲಿಯುತ್ತಿದ್ದಾನೆ. ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಪ್ರೋಗ್ರಾಂ ತಾನೇ ಬರೆಯುತ್ತೇನೆಂದು ಹಟ ಹಿಡಿದ. ಒಳ್ಳೆಯ ಹಟವೇ. ಫೈಲು ತೆರೆಯುವ ಸಾಲು ಬರೆದು ಓಡಿಸಿದ. ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ತಕರಾರು ತೆಗೆಯಿತು: ಇಂಥ ಜಾಗದಲ್ಲಿರುವ ಬೈಟನ್ನು ಯುಟಿಎಫ್-8 ಎಂದು ಓದಲು ಆಗುವುದಿಲ್ಲ. ಪುಟ್ಟ ಎಲ್ಲೋ ಹುಡುಕಿ ಒಂದು ಉಪಾಯ ಕಂಡುಕೊಂಡ. ಆ ಸಾಲಿಗೆ 'ಇಗ್ನೋರ್' ಎಂಬ ಒಂದು ಮಾತು ಸೇರಿಸಿದ. ಓದಲಾಗದ ಬೈಟ್ ಬಂದರೆ ಬಿಟ್ಟು ಮುಂದೆ ಹೋಗು ಎಂದರ್ಥ. ತಕರಾರು ನಿಂತಿತು. ಪ್ರೋಗ್ರಾಂ ಮೂರು ಫೈಲುಗಳನ್ನೂ ಓದಿ, ಬದಲಾಯಿಸಿ, ಅದೇ ಹೆಸರಿನಲ್ಲಿ, ಅದೇ ಪೆನ್‌ಡ್ರೈವಿಗೆ ತಿರುಗಿ ಬರೆಯಿತು.

"ಆಯ್ತು ತಾತ!" ಎಂದು ಕೂಗಿದ. ನೋಡಿದರೆ ಅಲ್ಲೊಂದು ಇಲ್ಲೊಂದು ಕೊಂಬು, ಅಲ್ಲೊಂದು ಅರ್ಧ ಅಕ್ಷರ. ಯಾವ ಸಾಲೂ ಸಾಲಾಗಿರಲಿಲ್ಲ.

ನನಗೆ ಕಂಪ್ಯೂಟರ್ ಹೆಚ್ಚು ತಿಳಿಯದು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಶಾಖೆಗೆ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂದಾಗ ಅದನ್ನು ಮುಟ್ಟಲು ಹೆದರಿದವರಲ್ಲಿ ನಾನೂ ಒಬ್ಬ. ಆದರೆ ಟ್ಯಾಲಿ ಮಾಡುವುದು ನನ್ನ ಕೈಗೆ ಹತ್ತಿದ ಅಭ್ಯಾಸ. ಪೆನ್‌ಡ್ರೈವಿಗೆ ಹಾಕಿಸಿದ ದಿನವೇ ಮೂರು ಫೈಲುಗಳ ಅಳತೆಯನ್ನು ಡೈರಿಯಲ್ಲಿ ಬರೆದಿಟ್ಟಿದ್ದೆ. "ಹಾಡಿನ ಫೈಲು ಓದಿದಾಗ ಎಷ್ಟು ಬೈಟ್ ಕೈಗೆ ಬಂತು, ಹೇಳೋ" ಎಂದೆ. ಅವನು ಕೂಡಿಸಿ ನೋಡಿದ. ನನ್ನ ಡೈರಿಯಲ್ಲಿ 18,412. ಅವನ ಪ್ರೋಗ್ರಾಂ ಕೈಯಲ್ಲಿ ಹಿಡಿದದ್ದು 8,097.

"ಉಳಿದ ಹತ್ತು ಸಾವಿರ ಎಲ್ಲಿ?"

ಪುಟ್ಟ ಮಾತಾಡಲಿಲ್ಲ.

'ಕನ್ನಡ'ದ ಆ ಏಳು ಬೈಟನ್ನೇ ನೋಡಿ. ಅದರಲ್ಲಿ 192, 163, 223 ಇವು ಯಾವುವೂ ಯುಟಿಎಫ್-8ರ ನಿಯಮಕ್ಕೆ ಕೂಡುವುದಿಲ್ಲ. ಇಗ್ನೋರ್ ಎಂದ ಮೇಲೆ ಅಷ್ಟನ್ನೂ ಎಸೆದುಬಿಡುತ್ತದೆ. ಉಳಿಯುವುದು 80 ಮತ್ತು 113 ಎರಡೇ. ಏಳರಲ್ಲಿ ಐದು ಹೋಯಿತು. ಎಸೆದದ್ದು ಯಾವುದು, ಎಲ್ಲಿಂದ ಎಸೆದದ್ದು ಎಂಬ ಗುರುತೂ ಉಳಿಯಲಿಲ್ಲ. ಆಮೇಲೆ ಎಂಥ ಜಾಣ ಬಂದರೂ ಆ ಎರಡರಿಂದ ಏಳನ್ನು ಮತ್ತೆ ಕಟ್ಟಲಾರ.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ಮನೆಗೆ ಹೊರಡುವಂತಿರಲಿಲ್ಲ. ಹದಿನೈದು ಪೈಸೆಗಾಗಿ ರಾತ್ರಿ ಒಂಬತ್ತರವರೆಗೆ ಕೂತಿದ್ದೇನೆ. ಏನು ಮಾಡಿದರೂ ಸಿಕ್ಕದಿದ್ದರೆ ಆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕುತ್ತಿದ್ದೆವು. ಆದರೆ ಅಲ್ಲಿ ಎಷ್ಟು ವ್ಯತ್ಯಾಸ, ಯಾವ ದಿನದ್ದು ಎಂದು ಬರೆದಿರುತ್ತದೆ. ಎಂದಾದರೂ ಹುಡುಕಬಹುದು. ಇಗ್ನೋರ್ ಅದಕ್ಕಿಂತ ಕೆಟ್ಟದ್ದು. ಹಣ ಎಸೆದು, ಎಸೆದ ಲೆಕ್ಕವನ್ನೂ ಬರೆಯದೆ ಬಾಗಿಲು ಹಾಕಿಕೊಂಡು ಹೋದಂತೆ. ಕೆಂಪು ಅಕ್ಷರದ ತಕರಾರು ನಮ್ಮ ಶತ್ರುವಲ್ಲ, ಮಕ್ಕಳೇ. ಆವತ್ತು ಮನೆಯಲ್ಲಿ ಸತ್ಯ ಹೇಳಿದ್ದು ಅದೊಂದೇ.

ಇನ್ನು ನನ್ನ ಪಾಲಿನ ತಪ್ಪು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿದ್ದವನು ಅಸಲು ಪತ್ರವನ್ನು ನಕಲು ತೆಗೆಯದೆ ಯಾರ ಕೈಗೂ ಕೊಟ್ಟವನಲ್ಲ. ಅಂಥವನು ಇದ್ದೊಂದು ಪೆನ್‌ಡ್ರೈವನ್ನು ಹಾಗೆಯೇ ತೆಗೆದುಕೊಟ್ಟೆ. ಇನ್ನೊಂದು ಪ್ರತಿ ಮಾಡಿಕೋ ಎಂದು ಹೇಳಬೇಕಾದವನು ನಾನು.

ಪುಟ್ಟ ಆ ರಾತ್ರಿ ಊಟ ಮಾಡಲಿಲ್ಲ. ನಾನೂ ಅವನನ್ನು ಬೈಯಲಿಲ್ಲ, ಸಮಾಧಾನವೂ ಮಾಡಲಿಲ್ಲ. ಮಾರನೇ ದಿನ ಬೀರುವನ್ನೆಲ್ಲ ತಡಕಿದೆವು. ಅವಳ ಅಡುಗೆ ಪುಸ್ತಕದೊಳಗೆ ಒಂದು ಸಿಡಿ ಸಿಕ್ಕಿತು. ಮೇಲೆ ಅವಳದೇ ಅಕ್ಷರದಲ್ಲಿ '2004, ಯುಗಾದಿ' ಎಂದಿತ್ತು. ಒಂದೇ ಸಲ ಬರೆಯಬಹುದಾದ ಸಿಡಿ ಅದು. ಅದರಲ್ಲಿ ಬರೆದದ್ದನ್ನು ಅಳಿಸಿ ಬೇರೆ ಬರೆಯಲು ಬರುವುದಿಲ್ಲ. ಪಕ್ಕದ ಮನೆಯವರ ಹಳೆಯ ಕಂಪ್ಯೂಟರಿನಲ್ಲಿ ಹಾಕಿ ನೋಡಿದೆವು. ಅಡುಗೆ ಇತ್ತು, ಮನೆಮದ್ದು ಇತ್ತು. ಹಾಡು ಇರಲಿಲ್ಲ. ಹಾಡುಗಳನ್ನು ಅವಳು ಯುಗಾದಿಯ ಆಮೇಲೆ ಬರೆದಿರಬೇಕು.

ಈ ಸಲ ಪುಟ್ಟ ಮೊದಲು ಎರಡು ಪ್ರತಿ ಮಾಡಿದ. ಪ್ರತಿಗಳ ಅಳತೆಯನ್ನು ಡೈರಿಯ ಅಂಕಿಯೊಡನೆ ತಾಳೆ ನೋಡಿದ. ಆಮೇಲೆ ಪ್ರೋಗ್ರಾಂ ತಿದ್ದಿದ. ಫೈಲು ತೆರೆಯುವ ಸಾಲಿನಲ್ಲಿ 'ಆರ್' ಎಂಬ ಅಕ್ಷರವಿತ್ತು, ಓದು ಎಂದು ಅದರರ್ಥ. ಅದರ ಪಕ್ಕಕ್ಕೆ 'ಬಿ' ಸೇರಿಸಿದ. ಬಿ ಅಂದರೆ ಬೈನರಿ: ಇದನ್ನು ಅಕ್ಷರವೆಂದು ಓದಬೇಡ, ಸಂಖ್ಯೆ ಹೇಗಿದೆಯೋ ಹಾಗೇ ಕೊಡು. ಈಗ ಒಂದು ಬೈಟೂ ಬೀಳದೆ ಅಷ್ಟೂ ಸಾಲಾಗಿ ಬಂದವು. 80ರ ಪಕ್ಕ 192 ಬಂದರೆ 'ಕ' ಎಂದು ಬರೆ, 163ರ ಪಕ್ಕ 192 ಬಂದರೆ 'ನ' ಎಂದು ಬರೆ, ಹೀಗೆ ಪಟ್ಟಿ ಮಾಡುತ್ತ ಹೋದ. ಪಟ್ಟಿಯಲ್ಲಿಲ್ಲದ ಬೈಟ್ ಬಂದರೆ ಬಿಡುವುದಿಲ್ಲ; ಎಷ್ಟನೇ ಜಾಗ, ಯಾವ ಸಂಖ್ಯೆ ಎಂದು ಬೇರೆ ಹಾಳೆಯಲ್ಲಿ ಬರೆದಿಡುತ್ತದೆ. ಅದಕ್ಕೆ ಅವನು ಇಟ್ಟ ಹೆಸರು 'ಸಸ್ಪೆನ್ಸ್'. ನನಗೆ ನಗು ಬಂತು.

ಅರ್ಕಾವೊತ್ತು ಮಾತ್ರ ಎರಡು ಸಂಜೆ ತಿಂದಿತು. 'ಸೂರ್ಯ' ಎನ್ನುವಾಗ ನಾಲಗೆಯಲ್ಲಿ 'ರ' ಮೊದಲು, 'ಯ' ಆಮೇಲೆ. ಬರೆಯುವಾಗ 'ಯ' ಮೊದಲು, ಅರ್ಕಾವೊತ್ತು ಆಮೇಲೆ. ನುಡಿಯ ಬೈಟುಗಳು ಕೈ ಬರೆದ ಕ್ರಮದಲ್ಲಿರುತ್ತವೆ. ಯೂನಿಕೋಡಿನವು ನಾಲಗೆಯ ಕ್ರಮದಲ್ಲಿರುತ್ತವೆ. ಹಾಗಾಗಿ ಅರ್ಕಾವೊತ್ತು ಕಂಡಾಗಲೆಲ್ಲ ಹಿಂದಕ್ಕೆ ಹೋಗಿ ಜಾಗ ಬದಲಿಸಬೇಕು.

ಬೈಟುಗಳನ್ನು ಅಕ್ಷರವೆಂದು ತಿಳಿದು ಕೆಡಿಸುವುದು ನಮ್ಮ ಮನೆಯಲ್ಲಿ ಮಾತ್ರ ಆದದ್ದಲ್ಲ. 1996ರಲ್ಲಿ ಪಿಎನ್‌ಜಿ ಎಂಬ ಚಿತ್ರದ ಫೈಲು ಬಂದಾಗ ಅದನ್ನು ರೂಪಿಸಿದವರಿಗೂ ಇದೇ ಭಯವಿತ್ತು. ಅದಕ್ಕೇ ಅಂಥ ಪ್ರತಿ ಚಿತ್ರವೂ ಈ ಎಂಟು ಬೈಟಿನಿಂದ ಶುರುವಾಗುತ್ತದೆ: 137, 80, 78, 71, 13, 10, 26, 10. ನಡುವಿನ 80, 78, 71 ಅಂದರೆ ಪಿ, ಎನ್, ಜಿ. ಉಳಿದವೆಲ್ಲ ಕಾವಲುಗಾರರು. ದೊಡ್ಡ ಸಂಖ್ಯೆಯ ಬೈಟುಗಳನ್ನು ಕೆಡಿಸುವ ದಾರಿಯಲ್ಲಿ ಫೈಲು ಬಂದಿದ್ದರೆ 137 ಬದಲಾಗಿರುತ್ತದೆ. ಸಾಲು ಮುಗಿಯುವ ಗುರುತಾದ 13, 10ನ್ನು ಯಾರಾದರೂ ತಿದ್ದಿದ್ದರೆ ಅದೂ ಅಲ್ಲೇ ಸಿಕ್ಕಿಬೀಳುತ್ತದೆ. ಚಿತ್ರ ತೆರೆಯುವ ಮೊದಲೇ ಫೈಲು ಕೆಟ್ಟಿದೆಯೆಂದು ತಿಳಿದುಬಿಡುತ್ತದೆ.

ನಾಲ್ಕನೇ ದಿನ ಅಡುಗೆಯ ಫೈಲು ತೆರೆದುಕೊಂಡಿತು. ಪುಟ್ಟ ಓದಿದ. ನುಗ್ಗೆಸೊಪ್ಪಿನ ಪಲ್ಯದ ಕೊನೆಯಲ್ಲಿ ಅವಳು ಬರೆದಿದ್ದಳು: 'ನಮ್ಮ ಯಜಮಾನರಿಗೆ ಉಪ್ಪು ಕಡಿಮೆ ಹಾಕಬೇಕು, ಅವರಿಗೆ ತಿಳಿಯಬಾರದು.' ಇಪ್ಪತ್ತು ವರ್ಷದ ಆಮೇಲೆ ತಿಳಿಯಿತು.

ಹಾಡುಗಳು ಬರಲಿಲ್ಲ. ಮೈಸೂರಿನಲ್ಲಿ ನನ್ನ ಅಕ್ಕ ಇದ್ದಾಳೆ, ಎಂಬತ್ತೊಂದು ವರ್ಷ. ಪ್ರತಿ ಭಾನುವಾರ ಪುಟ್ಟ ಅವಳಿಗೆ ಫೋನ್ ಮಾಡುತ್ತಾನೆ. ಅವಳು ಹಾಡುತ್ತಾಳೆ, ಇವನು ಟೈಪ್ ಮಾಡುತ್ತಾನೆ. ಹನ್ನೊಂದರಲ್ಲಿ ಏಳು ಸಿಕ್ಕಿವೆ. ಒಂದರಲ್ಲಿ ನಡುವಿನ ಎರಡು ಸಾಲು ಅಕ್ಕನಿಗೆ ನೆನಪಿಲ್ಲ. "ಹೇಗೋ ಸೇರಿಸಿಬಿಡೋಣ ಬಿಡೋ" ಎಂದಳಂತೆ. ಪುಟ್ಟ ಒಪ್ಪಲಿಲ್ಲ. ಅಲ್ಲಿ ಎರಡು ಖಾಲಿ ಗೆರೆ ಎಳೆದು, ಪಕ್ಕದಲ್ಲಿ 'ಎರಡು ಸಾಲು ಇಲ್ಲ' ಎಂದು ಬರೆದಿಟ್ಟಿದ್ದಾನೆ.

ಅಜ್ಜ ಅಜ್ಜಿಯರೇ, ನಿಮ್ಮ ಬೀರುವಿನಲ್ಲೂ ಹಳೆಯ ಸಿಡಿ, ಪೆನ್‌ಡ್ರೈವ್ ಇರಬಹುದು. ಮೊಮ್ಮಕ್ಕಳ ಕೈಗೆ ಕೊಡಿ, ಆದರೆ ಮೊದಲು ಒಂದು ಪ್ರತಿ ಮಾಡಿಸಿ, ಅಳತೆ ಬರೆದಿಡಿ. ತೆರೆದಾಗ ಕಲಸುಮೇಲೋಗರ ಕಂಡರೆ ಹಾಳಾಯಿತೆಂದು ಅಳಿಸಬೇಡಿ, ಸೇವ್ ಕೂಡ ಒತ್ತಬೇಡಿ.

ಮಕ್ಕಳೇ, ನಿಮಗೊಂದು ಲೆಕ್ಕ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್. ಒತ್ತಕ್ಷರವಿದ್ದರೆ ನಡುವೆ ಒಂದು ಅರ್ಧಾಕ್ಷರದ ಚಿಹ್ನೆಯೂ ಸೇರುತ್ತದೆ. 'ಅಮ್ಮ' ಅಂದರೆ ಅ, ಮ, ಅರ್ಧಾಕ್ಷರದ ಚಿಹ್ನೆ, ಮ. ನಾಲ್ಕು ಮೂರಲ ಹನ್ನೆರಡು ಬೈಟ್. ಕೊಂಬು, ಎತ್ವ, ಸೊನ್ನೆ ಇವಕ್ಕೂ ಮೂರು ಮೂರು. ಹಾಗಾದರೆ 'ಬೆಂಗಳೂರು' ಎಷ್ಟು ಬೈಟ್? ನಿಮ್ಮ ಹೆಸರು ಎಷ್ಟು? ತಾತನಿಗೋ ಅಜ್ಜಿಗೋ ಲೆಕ್ಕ ಹಾಕಿ ತೋರಿಸಿ. ಬೆಂಗಳೂರಿನ ಉತ್ತರ ಮುಂದಿನ ವಾರ.